ಮೂರನೇ ಸಿಲಿಂಡರಿನ ಉಸಿರು

ನಮ್ಮ ಸೋದರಮಾವ ತಟ್ಟಿ ನೋಡದ ವಸ್ತು ಈ ಭೂಮಿಯ ಮೇಲೆ ಒಂದಾದರೂ ಇದೆಯೇ? ಅವರ ಸ್ವಂತ ಬೆನ್ನೊಂದಿದೆ ಎನ್ನೋಣವೆಂದರೆ, ಅದನ್ನೂ ದಿನಕ್ಕೆರಡು ಸಲ ತಾವೇ ತಟ್ಟಿಕೊಳ್ಳುತ್ತಾರೆ!

ತಪ್ಪು ಅವರದಲ್ಲ, ಗಣಿಯದು. ಕೋಲಾರದ ಚಿನ್ನದ ಗಣಿ ಮುಚ್ಚುವವರೆಗೂ ಮಾವ ಅಲ್ಲಿನ ಚಾಂಪಿಯನ್ ರೀಫ್ಸಿನಲ್ಲಿ ಫಿಟ್ಟರ್ ಆಗಿದ್ದವರು. ನೆಲದಡಿ ಕೆಲಸಕ್ಕೆ ಕೈಹಚ್ಚುವ ಮೊದಲು ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಬೇಕಿತ್ತು. ಠಣ್ ಎಂದರೆ ಗಟ್ಟಿ, ಕೆಲಸ ಮಾಡಬಹುದು. ಡಬ್ ಎಂದರೆ ಪೊಳ್ಳು, ಓಡಬೇಕು. ಗಣಿ ಮುಚ್ಚಿತು, ಕೈಯ ಚಾಳಿ ಮಾತ್ರ ಹಾಗೇ ಉಳಿಯಿತು. ಅವರು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಕಲ್ಲಂಗಡಿ ಕೊಳ್ಳಲು ನಿಂತರೆ ಅಂಗಡಿಯವನು ಆರಾಮಾಗಿ ಟೀ ಕುಡಿದು ಬರುತ್ತಾನೆ. ನನಗೆ ಹೆಣ್ಣು ನೋಡಲು ಹೋದಾಗಲಂತೂ, ಹುಡುಗಿ ಕಾಫಿ ತರುವ ಮೊದಲೇ ಎದ್ದು ಆ ಮನೆಯ ನಾಲ್ಕೂ ಗೋಡೆ ತಟ್ಟಿ ಬಂದರು. ಹುಡುಗಿಯ ತಂದೆ ಗಾಬರಿಯಾಗಿ ಏನೆಂದು ಕೇಳಿದರೆ, "ಗೋಡೆ ಪೊಳ್ಳು, ಜನ ಗಟ್ಟಿ. ಮದ್ವೆ ಮಾಡ್ಬೋದು" ಎಂದುಬಿಟ್ಟರು! ಮದುವೆಯಾಯಿತು. ಆ ಗೋಡೆ ಮರುವರ್ಷವೇ ಬಿತ್ತು, ಅದು ಬೇರೆ ಮಾತು.

ಈಗ ಊರಿಗಾಂನಲ್ಲಿ, ಮನೆಯ ಪಕ್ಕದಲ್ಲಿ ಗಾಡಿ ರಿಪೇರಿ ಮಾಡುವ ತಗಡಿನ ಶೆಡ್ಡೇ ಅವರ ಗಣಿ. ಉದ್ದನೆಯ ಮರದ ಕೋಲಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ. ಕಣ್ಣು ಮುಚ್ಚಿ ಕೇಳಿ, ಕಾಯಿಲೆ ಇಂಥದ್ದು ಎಂದು ಹೇಳಿಬಿಡುತ್ತಾರೆ. ಹೇಳಿದ್ದು ತಪ್ಪಿದ್ದೇ ಇಲ್ಲ. ಅಂದರೆ, ಹೋದ ತಿಂಗಳವರೆಗೆ ತಪ್ಪಿರಲಿಲ್ಲ. ಹೋದ ತಿಂಗಳು ಒಬ್ಬ ಆಟೋದವನು ಟಕಟಕ ಸದ್ದೆಂದು ಬಂದ. ಮಾವ ಕೋಲಿಟ್ಟು ಕೇಳಿ, ಇಂಜಿನ್ ಪೂರಾ ಬಿಚ್ಚಿ ಹರಡಿದರು. ಸಂಜೆ ನೋಡಿದರೆ ಸದ್ದು ಮಾಡುತ್ತಿದ್ದದ್ದು ಹಿಂದಿನ ಸೀಟಿನಡಿ ಉರುಳಾಡುತ್ತಿದ್ದ ತೆಂಗಿನಕಾಯಿ! ಆ ಪುಣ್ಯಾತ್ಮ ಈ ಕತೆಯನ್ನು ಆಟೋ ಸ್ಟ್ಯಾಂಡಿಗೆಲ್ಲ ಹಂಚಿದ.

ಅತ್ತೆ ಅವತ್ತೇ ಮಾವನ ಮುಖದೆದುರು ನಿಂತು ತೀರ್ಪು ಕೊಟ್ಟರು. "ಯೋವ್, ನಿನ್ ಕಿವಿ ಓಗೈತೆ. ಇನ್ನೊಂದ್ ಸಲ ತಪ್ಪೇಳು, ಶೆಡ್ಡಿಗೆ ಬೀಗ ಆಕ್ತೀನಿ."

"ನನ್ ಕಿವಿಗೇನಾಗೈತೆ? ಕಾಯಿ ಇಟ್ಕೊಂಡು ಆಟೋ ಓಡ್ಸೋನ್ ತಲೆ ಓಗೈತೆ!" ಎಂದರು ಮಾವ. ಆದರೆ ಆಮೇಲೆ ಶೆಡ್ಡಿಗೆ ಯಾವ ಗಾಡಿಯೂ ಬರಲಿಲ್ಲ. ಮಾವ ತಮ್ಮ ಸ್ಪ್ಯಾನರುಗಳನ್ನು ಒರೆಸಿದ್ದೇ ಒರೆಸಿದ್ದು.

ಆಗ ಆ ಶೆಡ್ಡಿಗೆ ಹೋದದ್ದು ನನ್ನ ಕಾರು. ನಾನು ಬಂಗಾರಪೇಟೆಯಲ್ಲಿ ಗಣಿತದ ಮೇಷ್ಟ್ರು. ಮೇಷ್ಟ್ರಿಗೆ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಏಕೆ ಎಂದು ದಯವಿಟ್ಟು ಕೇಳಬೇಡಿ, ಹೆಂಡತಿ ಮಕ್ಕಳು ಕೇಳಿ ಕೇಳಿ ಸೋತಿದ್ದಾರೆ. ಯಾರೋ ಓಡಿಸಿ ಬಿಟ್ಟದ್ದನ್ನು ಆಸೆಗೆ ಬಿದ್ದು ಕೊಂಡೆ. ನಿಂತಲ್ಲಿ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಏರಿನಲ್ಲಿ ನನ್ನ ವಿದ್ಯಾರ್ಥಿಗಳೇ ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಹಾಕಿ, "ನಮಸ್ಕಾರ ಸಾರ್" ಎಂದು ಹೋಗುತ್ತಿದ್ದರು. ಬೆಂಗಳೂರಿನ ದೊಡ್ಡ ಗ್ಯಾರೇಜೊಂದು ಇಂಜಿನ್ನೇ ಬದಲಿಸಬೇಕು ಎಂದು ಕೈತೊಳೆದುಕೊಂಡಿತ್ತು.

"ಯಾವ ಸಿಲಿಂಡರು, ಯಾವ ವಾಲ್ವು, ಬಿಚ್ಚೋಕ್ ಮೊದ್ಲೇ ಏಳ್ತೀನಿ ಕಣ್ಲಾ ಅಳಿಯ," ಎಂದರು ಮಾವ.

"ಏಳು ನೋಡೋಣ," ಎಂದು ಅತ್ತೆ ಶೆಡ್ಡಿನ ಬಾಗಿಲಲ್ಲೇ ಕಡಲೆಕಾಯಿ ಸುಲಿಯುತ್ತ ಕೂತರು. ಪಕ್ಕದಲ್ಲಿ ಬೀಗ ಇತ್ತು!

ಮಾವ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಗೆ ಒಂದೊಂದಾಗಿ ಒತ್ತಡ ಅಳೆಯುವ ಗೇಜು ತಿರುಗಿಸಿದರು. ನಾನು ಒಳಗೆ ಕೂತು ಸ್ಟಾರ್ಟರ್ ಒತ್ತಬೇಕು, ಅವರು "ಒಣ್ಣು, ರೆಂಡು, ಮೂಣು" ಎನ್ನಬೇಕು. ಮಾವ ಬೈಯುವುದು ತೆಲುಗಿನಲ್ಲಿ, ಎಣಿಸುವುದು ತಮಿಳಿನಲ್ಲಿ, ಕೊಚ್ಚಿಕೊಳ್ಳುವುದು ಮಾತ್ರ ಕನ್ನಡದಲ್ಲಿ. ಇದ್ದ ನಾಲ್ಕು ಸಿಲಿಂಡರುಗಳಲ್ಲಿ ಮೂರರಲ್ಲಿ ಮುಳ್ಳು ನೂರೈವತ್ತು ದಾಟಿತು. ಮೂರನೆಯ ಸಿಲಿಂಡರಿನಲ್ಲಿ ಅರವತ್ತಕ್ಕೇ ಸುಸ್ತಾಗಿ ನಿಂತಿತು.

"ಇದರಲ್ಲಿ ದಮ್ಮಿಲ್ಲ," ಎಂದು ಮಾವ ಒಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟರು. ಕಾರಿಗೂ ಹರಳೆಣ್ಣೆಯೇ ಎಂದು ನಾನು ನಕ್ಕೆ. "ನಗಬೇಡ್ಲಾ ಮೇಷ್ಟ್ರೇ. ಪಿಸ್ಟನ್ ರಿಂಗ್ ಸವೆದಿದ್ರೆ ಎಣ್ಣೆ ಆ ಸಂದು ಮುಚ್ತದೆ, ಮುಳ್ಳು ಏರ್ತದೆ. ಏರಲಿಲ್ಲ ಅಂದ್ರೆ ವಾಲ್ವು." ಮತ್ತೆ ಒತ್ತಿದೆ. ಮುಳ್ಳು ಏರಲಿಲ್ಲ. ನನಗೆ ನಿಜಕ್ಕೂ ರೋಮಾಂಚನವಾಯಿತು. ಮುಚ್ಚಿದ ಕಬ್ಬಿಣದ ಒಳಗೆ ಏನಿದೆ ಎಂದು ಒಂದು ಚಮಚ ಎಣ್ಣೆ ಹೇಳುತ್ತದೆಂದರೆ!

ಇನ್ನು ಉಳಿದದ್ದು ಯಾವ ವಾಲ್ವು ಎಂಬ ಪ್ರಶ್ನೆ. ಸಿಲಿಂಡರಿನೊಳಗೆ ಗಾಳಿ ತುಂಬಿ, ಅದು ಎಲ್ಲಿ ಸೋರುತ್ತದೆಂದು ಕೇಳಬೇಕು. ಮುಂದೆ ಗಾಳಿ ಎಳೆಯುವ ಕಡೆ ಬುಸ್ ಎಂದರೆ ಇಂಟೇಕ್ ವಾಲ್ವು, ಹಿಂದೆ ಸೈಲೆನ್ಸರಿನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವು. ಮಾವ ಗಾಳಿ ಬಿಟ್ಟು, ಕೋಲನ್ನು ಕಿವಿಗಿಟ್ಟು ಮುಂದೆ ಕೇಳಿದರು. ಹಿಂದೆ ಹೋಗಿ ಕೇಳಿದರು. ಮತ್ತೆ ಮುಂದೆ ಬಂದರು. ಹಣೆಯಲ್ಲಿ ಬೆವರು ಕಾಣಿಸಿತು.

ಸೈಲೆನ್ಸರಿನ ಬುಸ್ ಸದ್ದು ಹತ್ತಡಿ ದೂರದಲ್ಲಿದ್ದ ನನಗೇ ಕೇಳುತ್ತಿತ್ತು! ಮಾವನಿಗೆ ಕೇಳುತ್ತಿರಲಿಲ್ಲ. ಅತ್ತೆ ಅಂದಿದ್ದು ನಿಜ, ಕಿವಿ ಹೋಗಿತ್ತು. ಹೇಳಿಬಿಡಲೇ? ಹೇಳಿದರೆ ಕಾರು ಉಳಿಯುತ್ತದೆ, ಮಾವ ಉಳಿಯುವುದಿಲ್ಲ.

ಅಷ್ಟರಲ್ಲಿ ಅತ್ತೆ ಗೊಣಗುತ್ತ ಎದ್ದು ಬಂದರು. "ನೆಲ ಎಲ್ಲಾ ಎಣ್ಣೆ ಮಾಡ್ಬುಡ್ತು, ದರಿದ್ರದ ಕಾರು!" ಎಂದು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೆಲ ಒರೆಸತೊಡಗಿದರು. ಸೆರಗು ಜಾರಿ ಸೈಲೆನ್ಸರಿನ ಬಾಯಿಗೆ ಬಂತು. ಶೆಡ್ಡಿನೊಳಗೆ ಒಂದಿಷ್ಟೂ ಗಾಳಿಯಿಲ್ಲ, ಸೆರಗಿನ ಅಂಚು ಮಾತ್ರ ಪಟಪಟ ಆಡಿತು.

ಮಾವ ನೋಡಿದರು. ಕೋಲು ಕೆಳಗಿಟ್ಟು ಎದೆ ಸೆಟೆಸಿದರು. "ಮೂರನೇ ಸಿಲಿಂಡರು, ಎಕ್ಸಾಸ್ಟ್ ವಾಲ್ವು!"

ಮಧ್ಯಾಹ್ನದ ಹೊತ್ತಿಗೆ ಇಂಜಿನ್ನಿನ ತಲೆ ಬಿಚ್ಚಿದಾಗ, ಆ ವಾಲ್ವಿನ ಅಂಚು ಸುಟ್ಟು, ಇಲಿ ಕಚ್ಚಿದ ನಿಪ್ಪಟ್ಟಿನಂತಿತ್ತು. ಹೊಸ ಇಂಜಿನ್ ಬೇಡ, ವಾಲ್ವು ಬದಲಿಸಿದರೆ ಸಾಕು. ಅತ್ತೆ ಬೀಗ ಎತ್ತಿಕೊಂಡು ಒಳಗೆ ಹೋದರು. ನಾನು ಅಡುಗೆಮನೆಗೆ ಹಿಂಬಾಲಿಸಿ, ಬೇಕೆಂದೇ ಸೆರಗು ಹಿಡಿದಿರಾ ಎಂದು ಕೇಳಿದೆ.

"ಮೆಲ್ಲಗ್ ಮಾತಾಡ್ಲಾ," ಎಂದರು ಅತ್ತೆ. "ಬೇಕಂತ್ಲೇ ಸೆರಗಿಡ್ದೆ ಅಂತ ನಿಮ್ ಮಾವಂಗೆ ಗೊತ್ತಾಗ್ಬಾರ್ದು. ಆ ಶೆಡ್ಡಿಲ್ದೆ ಆವಯ್ಯ ಬದುಕಲ್ಲ."

ಕಾಫಿ ಹಿಡಿದು ಶೆಡ್ಡಿಗೆ ಬಂದರೆ, ಮಾವ ಆ ಸುಟ್ಟ ವಾಲ್ವನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ತಟ್ಟುತ್ತಿರಲಿಲ್ಲ. ನನ್ನನ್ನು ಹತ್ತಿರ ಕರೆದರು.

"ಅಳಿಯ, ನಿಮ್ಮತ್ತೆಗ್ ಏಳ್ಬೇಡ. ನಂಗೇನೂ ಕೇಳಿಸ್ಲಿಲ್ಲ. ಅವಳ ಸೆರಗು ಆಡ್ತು, ನೋಡ್ಬುಟ್ಟೆ. ನಾಳೆ ನನ್ನ ಕಿವಿ ಡಾಕ್ಟ್ರತ್ರ ಕರ್ಕಂಡ್ ಓಗ್ತೀಯಾ?"

ನನಗೆ ಸಮಾಧಾನವಾಯಿತು. ಅವರ ಕಿವಿಗೆ ಬಾಗಿ ಹೇಳಿದೆ, "ಆಗಲಿ ಮಾವ. ಇಂಜಿನ್ ಸದ್ದು ಮೊದಲಿನಂತೆ ಕೇಳಬೇಕಲ್ಲ."

"ಇಂಜಿನ್ಗೆ ಕಣ್ಣು ಸಾಕು, ಕೈ ಸಾಕು." ಮಾವ ಅಡುಗೆಮನೆಯ ಕಡೆ ನೋಡಿದರು. "ಅವಳು ಬಾಯಾಡ್ಸೋದು ಕಾಣ್ತದೆ, ಬೈಯ್ಯೋದು ಕೇಳ್ಸಲ್ಲ. ಮೂರ್ ತಿಂಗ್ಳಾಯ್ತು ಕಣ್ಲಾ. ಮನೆ ಬಿಕೋ ಅಂತದೆ."