ಅಗಿದು ತಿಂದ ಮುದ್ದೆ

ಸುಳ್ಳು ಹೇಳಲು ಕೆಲವರಿಗೆ ಧೈರ್ಯ ಬೇಕು. ನನಗೆ ಒಂದು ಷರ್ಟು ಸಾಕಾಯಿತು. ಹೊಟ್ಟೆಯ ಮೇಲಿನ ಐದು ಸಣ್ಣ ತೂತುಗಳನ್ನು ಅದು ಎಷ್ಟು ಚೆನ್ನಾಗಿ ಮುಚ್ಚಿತೆಂದರೆ, ನನಗೆ ಆಪರೇಷನ್ನೇ ಆಗಿಲ್ಲವೆಂದು ನಾನೇ ನಂಬತೊಡಗಿದ್ದೆ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ನಾನು ಚೆಕಿಂಗ್ ಸೂಪರ್‌ವೈಸರ್. ಇಪ್ಪತ್ತು ವರ್ಷ ಐದೇ ನಿಮಿಷದಲ್ಲಿ ಊಟ ಮುಗಿಸಿ, ಓಡಿಹೋಗಿ ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿದ್ದಕ್ಕೆ ಸಿಕ್ಕ ಬಹುಮಾನ ಎದೆಯುರಿ. ಬಗ್ಗಿದರೆ ಹುಳಿನೀರು ಗಂಟಲಿಗೆ ಬರುತ್ತಿತ್ತು. ಮಾತ್ರೆಗಳು ಸೋತ ಮೇಲೆ ಡಾಕ್ಟರು, "ದೊಡ್ಡದಾಗಿ ಕೊಯ್ಯಲ್ಲ ಕಣ್ರೀ. ಸಣ್ಣ ತೂತಲ್ಲಿ ಕ್ಯಾಮೆರಾ ಬಿಟ್ಟು, ಹೊಟ್ಟೆಯ ಮೇಲ್ತುದೀನ ಅನ್ನನಾಳಕ್ಕೆ ಸುತ್ತಿ ಹೊಲಿದುಬಿಡ್ತೀವಿ. ಹುಳಿ ಮೇಲಕ್ಕೆ ಬರಲ್ಲ" ಎಂದರು. ಅಂದರೆ ಕಾಲರ್. "ಡಬಲ್ ಸ್ಟಿಚ್ಚಾ ಸಾರ್?" ಎಂದೆ. ಅವರು ನರ್ಸನ್ನು ಕರೆದರು. ಕೆಲಸವೇನೋ ಅಚ್ಚುಕಟ್ಟಾಗಿಯೇ ಆಯಿತು. ಒಂದೇ ಷರತ್ತು: ಎರಡು ತಿಂಗಳು ಮೆತ್ತಗಿನದನ್ನು ಚೆನ್ನಾಗಿ ಅಗಿದು ತಿನ್ನಬೇಕು, ಏನನ್ನೂ ಹಾಗೇ ನುಂಗಬಾರದು.

ನೋಡಲು ಬಂದ ಅತ್ತಿಗೆಗೆ ಮಾತ್ರ ಭಾರೀ ನಿರಾಸೆ. ಗಾಯ ತೋರಿಸಿದರೆ, "ಇಷ್ಟೇನಾ? ಸೊಳ್ಳೆ ಕಚ್ಚಿದಂಗೈತೆ" ಎಂದು, ತಂದಿದ್ದ ಸೇಬಿನಲ್ಲಿ ಎರಡನ್ನು ವಾಪಸ್ ಚೀಲಕ್ಕೆ ಹಾಕಿಕೊಂಡರು.

ಆಗಲೇ ಮಗಳು ಪವಿತ್ರಳ ಸಂಬಂಧ ಕೂಡಿಬಂತು. ಆನೇಕಲ್ಲಿನ ಹುಡುಗ. ಇಬ್ಬರೂ ಎರಡು ವರ್ಷ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾ ಮೆಚ್ಚಿಕೊಂಡವರು. ಮಾತು ಪಕ್ಕಾ ಮಾಡಲು ಅವನ ತಂದೆತಾಯಿ ಬೇಗೂರಿನ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಆಪರೇಷನ್ ವಿಷಯ ಗೊತ್ತಾದರೆ ಕಾಯಿಲೆ ಮನೆತನ ಎಂದುಕೊಂಡಾರೆಂದು ನಾನು ಎಲ್ಲರ ಬಾಯಿ ಮುಚ್ಚಿಸಿದೆ. ಹೆಂಡತಿ, "ಮುದ್ದೆ ಬೇಡ, ಅನ್ನ ಮಾಡ್ತೀನಿ" ಎಂದಳು. ಮುದ್ದೆ ಇಲ್ಲದಿದ್ದರೆ ಅನುಮಾನ ಬರುತ್ತದೆಂದು ನಾನೇ ಹಟ ಹಿಡಿದೆ. ಇಂಥ ಬುದ್ಧಿ ನನಗೆ ಬೇಕಾದಾಗೆಲ್ಲ ಬರುವುದಿಲ್ಲ.

ಎಲೆಗೆ ಮುದ್ದೆ, ನಾಟಿಕೋಳಿ ಸಾರು ಬಿತ್ತು. ಬೀಗರು ಮುರಿದರು, ಅದ್ದಿದರು, ನುಂಗಿದರು. ನಾನು ಗೋಲಿಯಷ್ಟು ಮುರಿದು ಅಗಿಯತೊಡಗಿದೆ. ನಮ್ಮ ಕಡೆ ಮುದ್ದೆಯನ್ನು ಹಲ್ಲು ಬಂದ ಮಗುವೂ ಅಗಿಯುವುದಿಲ್ಲ. ಅದು ನನ್ನ ದವಡೆಗೆಲ್ಲ ಮೆತ್ತಿಕೊಂಡಿತು.

"ಇದೇನ್ ಬೀಗ್ರೆ, ಮುದ್ದೆ ಅಗೀತಾ ಇದೀರಾ?" ಎಂದರು ಹುಡುಗನ ತಂದೆ.

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. "ನಮ್ಮನೇಲಿ ಎಲ್ಲಾರೂ ಹಿಂಗೇ ತಿನ್ನೋದು. ಆರೋಗ್ಯಕ್ಕೆ ಒಳ್ಳೇದು" ಎಂದೆ.

ಬೀಗರು ತಮ್ಮ ಹೆಂಡತಿಯ ಮುಖ ನೋಡಿದರು. "ನಮ್ದು ಹೊಲಗೆಲಸದ ಮನೆ. ಮುದ್ದೆ ನುಂಗೋಕ್ ಬರ್ದೆ ಇರೋ ಹುಡುಗಿ ನಮ್ಮಲ್ಲಿ ಎಂಗೆ ಹೊಂದ್ಕೊಂತದೆ?" ಎಂದು ಎಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು.

ಬಡಿಸುತ್ತಿದ್ದ ಪವಿತ್ರಳ ಸೌಟು ಅಲ್ಲೇ ನಿಂತಿತು. ಕಣ್ಣು ತುಂಬಿಬಂದಿತ್ತು. ನನಗೆ ನಿಜಕ್ಕೂ ಭಯವಾಯಿತು. ಆದರೂ ಬಾಯಿ ಬಿಡಲಿಲ್ಲ.

"ನಾನು ನುಂಗ್ತೀನಿ ಮಾವ" ಎಂದಳು ಅವಳೇ. "ಅಪ್ಪಂಗೆ ಹೋದ ತಿಂಗಳು ಎದೆಯುರಿಗೆ ಆಪರೇಷನ್ ಆಯ್ತು. ಅಗಿದೇ ತಿನ್ಬೇಕು ಅಂತ ಡಾಕ್ಟ್ರು ಹೇಳವ್ರೆ. ನೀವೇನಂತೀರೋ ಅಂತ ಅಪ್ಪ ಮುಚ್ಚಿಟ್ರು. ತಪ್ಪಾಯ್ತು."

ಬೀಗರು ಕೈಯನ್ನು ಮತ್ತೆ ಎಲೆಯ ಮೇಲಿಟ್ಟರು. ಆಮೇಲೆ ಅವಳ ಕಡೆ ತಿರುಗಿ, "ಇನ್ನೊಂದ್ ಮುದ್ದೆ ಹಾಕವ್ವ" ಎಂದರು. ನನಗೆ ಹೋದ ಜೀವ ಬಂದಂತಾಯಿತು. "ನಮಗೆ ಒಪ್ಪಿಗೆ ಬೀಗ್ರೆ. ಆದ್ರೆ ಇನ್ಮೇಲೆ ಮದ್ವೆ ಮಾತುಕತೆ ಏನಿದ್ರೂ ನಿಮ್ಮ ಮಗಳ ಜೊತೇಲೇ ಆಡ್ಕೊಂತೀವಿ. ನೀವು ಊಟ ಮಾಡಿ."

ನಾನು ತಲೆಯಾಡಿಸಿದೆ. ಬಾಯಲ್ಲಿ ಇನ್ನೂ ಮುದ್ದೆಯಿತ್ತು.