ಮಲಾಡಿನಲ್ಲಿ ಮೊದಲ ಸ್ವಿಚ್ಚು ಯಾರದು

ಕಂಪ್ಯೂಟರು ತಾನಾಗಿ ಕೆಡುವುದು ಕಡಿಮೆ. ಸುತ್ತ ಇರುವವರು ಮಾತ್ರ ಏನಾದರೊಂದು ಮಾಡಿ ಅದನ್ನು ಕೂರಿಸಿಬಿಡುತ್ತಾರೆ. ತೊಂಬತ್ತರ ಸುಮಾರಿಗೆ ಮುಂಬಯಿಯ ದಾದರಿನ ರಿಪೇರಿ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದಾಗ, ಮಲಾಡಿನ ಒಂದೇ ಆಫೀಸು ನನಗಿದನ್ನು ಕಲಿಸಿಕೊಟ್ಟಿತು. ಹೊರಗೆ ಹೋಗಿ ಮಷೀನು ಬಿಚ್ಚುವ ಹೆಂಗಸು ಕಂಪನಿಯಲ್ಲಿ ನಾನೊಬ್ಬಳೇ. ಧಾರವಾಡದವರಾದ ನಮ್ಮ ಬಾಸು ಮೊದಲೇ ಹೇಳಿಬಿಟ್ಟಿದ್ದರು: "ನೋಡವಾ, ಮಲಾಡಿನವರು ಮೂರು ಸಲ ಕಂಪ್ಲೇಂಟ್ ಮಾಡಿದ್ರಂದ್ರ ನೀ ಇಲ್ಲೇ ಕೂತು ಫೋನ್ ಎತ್ತಬೇಕಾಗ್ತದ." ಬಾಗಿಲ ಪಕ್ಕದಲ್ಲಿದ್ದ ಆ ಫೋನು, ಅದರ ಮುಂದಿನ ಖಾಲಿ ಕುರ್ಚಿ, ಎರಡನ್ನೂ ಕಂಡರೆ ನನಗಾಗುತ್ತಿರಲಿಲ್ಲ.

ಪದವಿ

ಮೊದಲ ಕಂಪ್ಲೇಂಟು: ಬೆಳಿಗ್ಗೆ ಕಂಪ್ಯೂಟರು ಶುರುವಾಗುವುದಿಲ್ಲ. ಹೋಗಿ ನೋಡಿದೆ. ಕಂಪ್ಯೂಟರಿನ ಪಕ್ಕ ಟ್ರಂಕಿನಷ್ಟು ದೊಡ್ಡ ಇನ್ನೊಂದು ಪೆಟ್ಟಿಗೆ, ಒಳಗೆ ನಾಲ್ಕು ಡಿಸ್ಕು. ಮೊದಲು ಈ ಪೆಟ್ಟಿಗೆ ಆನ್ ಆಗಿ, ಡಿಸ್ಕುಗಳು ಗುಂಯ್ ಎಂದು ತಿರುಗತೊಡಗಿದ ಮೇಲೆ ಕಂಪ್ಯೂಟರು ಆನ್ ಆಗಬೇಕು. ಇಲ್ಲಿ ಉಲ್ಟಾ. ಆ ಆಫೀಸಿನ ಸಾಹೇಬರು ಬಂದು, ಗಣಪತಿಗೆ ಊದುಬತ್ತಿ ಹಚ್ಚಿ, ಬಲಗೈಯಿಂದ ಕಂಪ್ಯೂಟರಿನ ಸ್ವಿಚ್ಚು ಒತ್ತುವರು. ಪೆಟ್ಟಿಗೆಯದನ್ನು ಆಮೇಲೆ ಪ್ಯೂನ್ ಒತ್ತುವನು. ಅಷ್ಟರಲ್ಲಿ ಕಂಪ್ಯೂಟರು ಡಿಸ್ಕು ಹುಡುಕಿ, ಸಿಗದೆ, ಮುನಿಸಿಕೊಂಡು ಕೂತಿರುವುದು.

ಹೀಗಲ್ಲ ಎಂದು ವಿವರಿಸಿದೆ. ಸಾಹೇಬರ ಮುಖ ಕೆಂಪಾಯಿತು. "ಮೇಡಂ, ಈ ಆಫೀಸಿನಲ್ಲಿ ನನಗಿಂತ ಮೊದಲು ಪ್ಯೂನ್ ಒತ್ತಬೇಕಾ?"

"ಕಂಪ್ಯೂಟರು ಬರೀ ಕ್ಲರ್ಕು, ಸಾಹೇಬ್. ಆಫೀಸಿನ ಸಮಸ್ತವೂ ಇರೋದು ಈ ಪೆಟ್ಟಿಗೆಯಲ್ಲಿ. ದೊಡ್ಡವರು ಅಂದರೆ ಇವರೇ," ಅಂದೆ.

ಸಾಹೇಬರು ಪೆಟ್ಟಿಗೆಯನ್ನು ಹೊಸದಾಗಿ ನೋಡಿದರು. ಮಾರನೆಯ ದಿನದಿಂದ ಅದರ ಸ್ವಿಚ್ಚು ಅವರದು, ಕಂಪ್ಯೂಟರಿನದು ಪ್ಯೂನನದು. ಊದುಬತ್ತಿಯ ಸ್ಟ್ಯಾಂಡೂ ಪೆಟ್ಟಿಗೆಯ ಮೇಲಕ್ಕೆ ವರ್ಗವಾಯಿತು.

ಕುಂಕುಮ

ದಸರೆ ಮುಗಿದ ಮಾರನೆಯ ದಿನ ಎರಡನೇ ಕಂಪ್ಲೇಂಟು. ಪೆಟ್ಟಿಗೆ ತಿರುಗುತ್ತಿದೆ, ಕಂಪ್ಯೂಟರು ಮಾತ್ರ ಅದರ ಗುರುತೇ ಇಲ್ಲದವರ ಹಾಗೆ ಆಡುತ್ತಿದೆ. ಪೆಟ್ಟಿಗೆಯ ಬಾಗಿಲು ತೆರೆದರೆ ನಾಲ್ಕೂ ಡಿಸ್ಕಿಗೆ ಕುಂಕುಮ. ದೊಡ್ಡವರ ಪೂಜೆ ಬರೀ ಹೊರಗಿಂದ ಮಾಡಿದರೆ ಹೇಗೆ ಎಂದು ಪ್ಯೂನ್ ಮೇಲಿನಿಂದ ಒಂದೊಂದೇ ಡಿಸ್ಕು ಎಳೆದು, ಬೊಟ್ಟಿಟ್ಟು, ಮೇಜಿನ ಮೇಲಿರಿಸಿ, ಕೊನೆಗೆ ಕೈಗೆ ಸಿಕ್ಕಂತೆ ತುರುಕಿದ್ದ. ಸ್ಥಾನ ಬದಲಾದರೆ ಕಂಪ್ಯೂಟರಿಗೆ ತಲೆಬುಡ ತಿಳಿಯದು. ಯಾವುದು ಎಲ್ಲಿತ್ತೆಂದು ಯಾರಿಗೂ ನೆನಪಿಲ್ಲ.

ಕೈಕಟ್ಟಿ ಕೂತು ಡಿಸ್ಕುಗಳನ್ನೇ ನೋಡಿದೆ. ಒಂದಕ್ಕೆ ರೂಪಾಯಿ ಅಗಲದ ಬೊಟ್ಟು. ಇನ್ನೊಂದಕ್ಕೆ ಅದಕ್ಕಿಂತ ಸಣ್ಣದು. ಮತ್ತೊಂದಕ್ಕೆ ಇನ್ನೂ ಸಣ್ಣದು. ಉಳಿದಿದ್ದಕ್ಕೆ ಬೆರಳು ಒರೆಸಿದ ಕಲೆಯಷ್ಟೇ. ಬಟ್ಟಲಲ್ಲಿ ಕುಂಕುಮ ಮುಗಿಯುತ್ತಾ ಬಂದಿತ್ತೇ ಎಂದು ಪ್ಯೂನನನ್ನು ಕೇಳಿದೆ. ಹೌದಂತೆ. ಬೊಟ್ಟಿನ ಗಾತ್ರದ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿದೆ. ಕಂಪ್ಯೂಟರು ತಟ್ಟನೆ ಎದ್ದಿತು.

ದೇವರ ಮಹಿಮೆ ಎಂದ ಪ್ಯೂನ್. ಬಟ್ಟಲು ತುಂಬ ಕುಂಕುಮ ಇರಲಿಲ್ಲವಲ್ಲ, ಅದೇ ಮಹಿಮೆ ಎಂದುಕೊಂಡೆ ನಾನು.

ಸ್ಪೇರ್ ಪಾರ್ಟು

ಮೂರನೆಯ ಫೋನು ಬಂದದ್ದು ಬಾಸಿನ ಕೈಗೇ. "ಮಲಾಡ್. ಮೂರನೇದು," ಎನ್ನುತ್ತಾ ರಿಸೀವರ್ ನನ್ನತ್ತ ಚಾಚಿ, ಬಾಗಿಲ ಪಕ್ಕದ ಕುರ್ಚಿಯ ಕಡೆ ಒಮ್ಮೆ ನೋಡಿದರು.

ಆ ಕಡೆ ಕ್ಲರ್ಕು. ಸ್ಕ್ರೀನಿನ ಮೇಲೆ ಏನು ಕಾಣುತ್ತಿದೆ ಅಂದೆ. ಏನೂ ಇಲ್ಲ. ಪೆಟ್ಟಿಗೆ ಸದ್ದು ಮಾಡುತ್ತಿದೆಯೇ? ಇಲ್ಲ. ಕರೆಂಟು? ಇದೆ, ಫ್ಯಾನು ತಿರುಗುತ್ತಿದೆ. ಪೆಟ್ಟಿಗೆಯ ಸ್ವಿಚ್ಚು ಒತ್ತಿದಿರಾ?

"ಅದನ್ನ ಹೇಗೆ ಒತ್ತೋದು ಮೇಡಂ? ಸಾಹೇಬರು ಅಕ್ಕನ ಮಗಳ ಮದುವೆಗೆ ರತ್ನಾಗಿರಿಗೆ ಹೋಗಿದಾರೆ. ದೊಡ್ಡವರನ್ನ ದೊಡ್ಡವರೇ ಎಬ್ಬಿಸಬೇಕು ಅಂತ ನೀವೇ ಅಲ್ವಾ ಕಲಿಸಿದ್ದು?"

ಬಾಸು ಪಕ್ಕದಲ್ಲೇ ನಿಂತಿದ್ದರು. "ಏನು ಕೆಟ್ಟದವಾ? ಯಾವ ಪಾರ್ಟ್ ಕಳಸೂಣು?"

ರಿಸೀವರಿಗೆ ಕೈ ಅಡ್ಡ ಹಿಡಿದೆ. "ಆ ಪಾರ್ಟು ನಮ್ಮ ಸ್ಟಾಕಿನಲ್ಲಿಲ್ಲ, ಸರ್. ರತ್ನಾಗಿರಿಯಿಂದ ಬರಬೇಕು. ಮದುವೆ ಊಟ ಮುಗಿಸಿಕೊಂಡು."

ಎಲ್ಲ ಬಿಡಿಸಿ ಹೇಳಿದ ಮೇಲೆ ಬಾಸು ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡು ಆ ಖಾಲಿ ಕುರ್ಚಿಯಲ್ಲೇ ಕುಸಿದರು. ಮುಂದೆ ಬಂದ ಫೋನನ್ನು ಅವರೇ ಎತ್ತಬೇಕಾಯಿತು.