ಹೊಸ ಕಲೆ ಕಲಿತ ಡ್ರಾಯಿಂಗ್ ಮಾಸ್ತರನ ಪಾಡು

ಹೊಸದಾಗಿ ಏನಾದರೂ ಕಲಿತು ಬಾಯಿ ಮುಚ್ಚಿಕೊಂಡು ಕೂರಲಾರದವನಿಗೆ ಫಜೀತಿಗಳಿಗೆ ಬರವೇ ಇರುವುದಿಲ್ಲ. ನಾನು ಆ ಜಾತಿಯವನು.

ನಿಜಾಮರ ಆಡಳಿತ ಮುಗಿದು ಕೆಲವು ವರ್ಷಗಳಾಗಿದ್ದವು. ಲಿಂಗಸುಗೂರಿನ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಬೇಸಿಗೆಯಲ್ಲಿ ತರಬೇತಿಗೆಂದು ಹೈದರಾಬಾದಿಗೆ ಹೋದಾಗ ಅಲ್ಲಿನ ಗುರುಗಳು ಒಂದು ದಪ್ಪ ಪುಸ್ತಕ ತೆರೆದು, ಈ ಶತಮಾನದ ಮೊದಲಲ್ಲಿ ಯುರೋಪಿನ ಚಿತ್ರಕಾರರು ಎಬ್ಬಿಸಿದ ಗದ್ದಲವನ್ನೆಲ್ಲ ತೋರಿಸಿದರು. ಕಂಡ ಬಣ್ಣ ಬಿಟ್ಟು ಮನಸ್ಸಿಗೆ ಬಂದ ಬಣ್ಣ ಬಳಿಯುವವರು, ಬರೀ ಚೌಕಗಳನ್ನೇ ಬರೆಯುವವರು, ಒಂದೇ ಮುಖವನ್ನು ಎದುರಿನಿಂದಲೂ ಪಕ್ಕದಿಂದಲೂ ಒಟ್ಟಿಗೇ ತೋರಿಸುವ ಕ್ಯೂಬಿಸ್ಟರು! ನನಗೆ ಹುಚ್ಚೇ ಹಿಡಿಯಿತು.

ಅವ್ವನಿಗೆ ಬೇರೆ ಚಿಂತೆ. ಮಸ್ಕಿಯಲ್ಲಿ ಒಂದು ಸಂಬಂಧ ಕುದುರುವಂತಿತ್ತು. ಹುಡುಗಿಯನ್ನು ಬಸ್ ನಿಲ್ಲುವಲ್ಲಿ ಒಮ್ಮೆ ನೋಡಿ ನಾನೂ ಮೆಚ್ಚಿದ್ದೆ. "ಮದಿವಿ ಆಗೋತನಕ ನಿನ್ನ ಹುಚ್ಚು ಚಿತ್ರ ಯಾರಿಗೂ ತೋರಿಸಬ್ಯಾಡಪಾ," ಎಂದು ಅವ್ವ ಕೈ ಮುಗಿದಳು. ಹೂಂ ಅಂದೆ.

ಎತ್ತಿನ ಬಣ್ಣ

ಶಾಲೆ ಶುರುವಾದ ವಾರವೇ ಹುಡುಗರಿಗೆ ಹೇಳಿದೆ: "ನಾಳೆ ಎತ್ತಿಗೆ ಬಣ್ಣ ಹಚ್ಕೊಂಡು ಬರ್ರಿ. ಬಿಳೀ ಎತ್ತು ಅಂತ ಬಿಳೀನ ಹಚ್ಚಬ್ಯಾಡ್ರಿ. ಮನಸ್ಸಿಗೆ ಯಾವ ಬಣ್ಣ ಬರ್ತದ, ಅದನ್ನ ಹಚ್ಚರಿ."

ನಾನು ಹೇಳಿದ್ದು ಕಾಗದದ ಮೇಲಿನ ಎತ್ತಿಗೆ; ಕಾರಹುಣ್ಣಿಮೆ ಹತ್ತಿರ ಬಂದದ್ದು ನನಗೆ ಮರೆತೇ ಹೋಗಿತ್ತು. ಹಬ್ಬಕ್ಕೆ ಎತ್ತುಗಳ ಕೋಡಿಗೆ ಹಚ್ಚಲು ಮನೆಮನೆಯಲ್ಲೂ ಬಣ್ಣ ತಂದಿಟ್ಟಿದ್ದರು. ಮರುದಿನ ರೈತನೊಬ್ಬ ಮೂತಿಯಿಂದ ಬಾಲದವರೆಗೆ ಹಸಿರಾದ ಎತ್ತನ್ನು ಹಿಡಿದು ಶಾಲೆಯ ಮುಂದೆ ನಿಂತಿದ್ದ. ಮಗ ಮಾಸ್ತರರ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದ.

"ಇದು ಹೊಸ ಕಲಾರೀ," ಅಂತ ತೊದಲಿದೆ. "ಕಣ್ಣಿಗೆ ಹೆಂಗ ಕಾಣ್ತದ ಅನ್ನೋದಲ್ಲ, ಮನಸ್ಸಿಗೆ ಹೆಂಗ ಕಾಣ್ತದ ಅನ್ನೋದು ಮುಖ್ಯ."

"ನಮ್ಮ ಮನಸ್ಸಿಗೆ ಚಲೋನ ಕಾಣಾಕತ್ತೈತ್ರೀ ಮಾಸ್ತರ. ಖರೆ ಇದರ ಜೋಡಿ ಎತ್ತಿಗೆ ಇದರ ಗುರ್ತ ಹತ್ತವಲ್ದು, ಹಾಯಾಕ ಬರಾಕತ್ತೈತಿ. ಒಂದೀಟು ಬಂದು ಅದಕ್ಕೂ ಹೊಸ ಕಲಾ ಹೇಳಿಕೊಡ್ರಿ," ಅಂದ.

ಸಿಂಧನೂರಿನ ಚೌಕಗಳು

ಸಿಂಧನೂರಿನ ಅರಿವೆ ಅಂಗಡಿಯ ಸಾಹುಕಾರರು ಗೋಡೆಗೆ ಹಾಕಲು ಒಂದು ಚಿತ್ರ ಕೇಳಿದರು. ನವಿಲೋ ಕಮಲವೋ ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ದೊಡ್ಡ ಹಲಗೆಯ ಮೇಲೆ ಕರಿ ಗೆರೆ ಎಳೆದು ಕೆಂಪು, ಹಳದಿ, ನೀಲಿ ಚೌಕಗಳನ್ನು ತುಂಬಿ, ಅಂಗಡಿಯ ಜಗಲಿಯ ಮೇಲೆ ಒಣಗಲು ಇಟ್ಟು ಚಹಾಕ್ಕೆ ಹೋದೆ.

ಬಹಳ ಹೊತ್ತು ಹರಟೆ ಹೊಡೆದು ಬಂದು ನೋಡಿದರೆ ಹಲಗೆಯ ಸುತ್ತ ಜನವೋ ಜನ. ನನ್ನ ಎದೆ ಉಬ್ಬಿತು. ಸಂದಿಯಲ್ಲಿ ತೂರಿ ನೋಡಿದೆ. ಸಾಹುಕಾರರು ಕವಡೆ ಎಸೆಯುತ್ತಿದ್ದರು! ನನ್ನ ಚಿತ್ರದ ಮೇಲೆ ಚೌಕಾಬಾರ ನಡೆದಿತ್ತು.

"ಭಾಳ ಚಲೋ ಆಗೇತ್ರೀ ಮಾಸ್ತರ," ಅಂದರು ಸಾಹುಕಾರರು ತಲೆ ಎತ್ತದೆ. "ಕಾಯಿ ಹೊಡೀಲಾರದ ಕಟ್ಟಿಮನಿಗೆ ಗುರ್ತು ಹಾಕೋದು ಮರ್ತಿದ್ರಿ. ನಾನ ಸುಣ್ಣದಾಗ ಹಾಕ್ಕೊಂಡೀನಿ."

ಮಸ್ಕಿಗೆ ಹೋದ ಮುಖ

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮಸ್ಕಿಯವರು ವರನ ಫೋಟೋ ಕೇಳಿ ಕಳಿಸಿದರು. ಚಿತ್ರಗಾರನಿಗೆ ಫೋಟೋ ಏಕೆ? ಕನ್ನಡಿ ಮುಂದೆ ಕೂತು ನನ್ನ ಮುಖವನ್ನು ನಾನೇ ಕ್ಯೂಬಿಸ್ಟರಂತೆ ಬರೆದು, ಅವ್ವನಿಗೆ ತಿಳಿಯದಂತೆ ಕಳಿಸಿಬಿಟ್ಟೆ. ಎರಡೂ ಕಣ್ಣು ಒಂದೇ ಕಡೆ, ಮೂಗು ಅಡ್ಡ, ಕಿವಿ ಗಲ್ಲದ ಹತ್ತಿರ.

ವಾರ ಕಳೆದರೂ ಉತ್ತರವಿಲ್ಲ. ಸುದ್ದಿ ತಿಳಿದ ಅವ್ವ ನನ್ನೊಡನೆ ಮಾತು ಬಿಟ್ಟಳು. ನನಗೂ ಅಳುವೇ ಬಂತು. ಹುಡುಗಿ ನಿಜವಾಗಿಯೂ ಮನಸ್ಸಿನಲ್ಲಿ ಕೂತಿದ್ದಳು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಮಸ್ಕಿಯ ಬಸ್ಸಿನಿಂದ ಹುಡುಗಿಯ ಮನೆಮಂದಿಯೆಲ್ಲ ಇಳಿದರು. ಕನ್ಯೆಯನ್ನು ನಡೆಸಿ, ಹಾಡಿಸಿ ನೋಡುವುದು ನಮ್ಮಲ್ಲಿ ರೂಢಿ. ಅಂದು ಆ ಪಾಳಿ ನನ್ನದಾಯಿತು.

"ಎದ್ದು ನಿಲ್ಲಪಾ," ಅಂದಳು ಹುಡುಗಿಯ ಅಜ್ಜಿ. "ಎಡಕ್ಕ ತಿರುಗು. ಈಗ ಬಲಕ್ಕ." ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೂಗು ಹಿಡಿದು ಅಲ್ಲಾಡಿಸಿ, ಎರಡೂ ಕಿವಿ ಜಗ್ಗಿ, ಮನೆಮಂದಿಗೆಲ್ಲ ಸಾರಿದಳು: "ಎಲ್ಲಾ ಇದ್ದಲ್ಲೇ ಅದಾವ!"

ಹುಡುಗಿಯ ಅಪ್ಪ ನೆಮ್ಮದಿಯ ಉಸಿರು ಬಿಟ್ಟರು. "ಮಗಳು ಚಿತ್ರ ನೋಡಿದ ದಿನಾನ ಒಪ್ಯಾಳ್ರೀ. ನಮಗ ಧೈರ್ಯ ಸಾಲಲಿಲ್ಲ, ಖಾತ್ರಿ ಮಾಡ್ಕೊಳ್ಳಾಕ ಬಂದೀವಿ."

ನನಗೆ ಸ್ವರ್ಗಕ್ಕೆ ಮೂರೇ ಗೇಣು. ಇಡೀ ಜಿಲ್ಲೆಯಲ್ಲಿ ಹೊಸ ಕಲೆ ಅರ್ಥವಾದವಳು ಇವಳೊಬ್ಬಳೇ! ಮದುವೆಯಾದ ಮೇಲೆ ಹಿಗ್ಗಿನಿಂದಲೇ ಕೇಳಿದೆ: "ಆ ಚಿತ್ರದಾಗ ಏನು ಕಂಡು ಒಪ್ಪಿದಿ?"

"ಎಲ್ಲಾ ವರಗಳೂ ಫೋಟೋದಾಗ ಚೆಂದ ಇರ್ತಾವ್ರೀ, ಖುದ್ದ ನೋಡಿದ್ರ ಎದಿ ಒಡೀತದ," ಅಂದಳು ನಗುತ್ತ. "ನಿಮ್ಮ ಚಿತ್ರ ನೋಡಿದ ಮ್ಯಾಲ, ಖುದ್ದ ಇವರು ಇದಕ್ಕಿಂತ ಕೆಟ್ಟ ಇರಾಕ ಸಾಧ್ಯಾನ ಇಲ್ಲ ಅಂತ ಧೈರ್ಯ ಬಂತು."